ಅಂತರ್ಜಾಲದ ಕಾವ್ಯ ಮತ್ತು ನಮ್ಮ ಓದು

ವಿದ್ಯುನ್ಮಾನ ಸಾಹಿತ್ಯ ಅಂದರೆ ಅಚ್ಚಾದ ಪುಸ್ತಕವನ್ನು ಪರದೆಯ ಮೇಲೆ ಓದುವುದಲ್ಲ. ಕಾಗದಕ್ಕೆ ಇಳಿಸಿದರೆ ಸತ್ತುಹೋಗುವ ಬರಹ ಅದು. ಅಲ್ಲಿ ಅಕ್ಷರ ಓಡುತ್ತದೆ, ಓದುಗ ಮುಟ್ಟಿದರೆ ಕತೆ ದಾರಿ ಬದಲಿಸುತ್ತದೆ, ಇಲ್ಲವೇ ಯಂತ್ರವೇ ನಿಂತ ನಿಲುವಿನಲ್ಲಿ ಸಾಲು ಕಟ್ಟುತ್ತದೆ. ದಲಿತ ವಿಮರ್ಶೆಯ ಸಂಚಿಕೆಗೆ ಇದೊಂದು ಶೋಕಿ ಯಾಕೆ, ನೀರು, ಭೂಮಿ, ಹಾಸ್ಟೆಲ್ ಅನ್ನದ ಪ್ರಶ್ನೆಗಳೇ ಮುಗಿದಿಲ್ಲವಲ್ಲ ಅಂತ ಗೆಳೆಯರು ಕೇಳಿದರು. ನವ್ಯದ ಕಾಲದಲ್ಲಿ 'ತಂತ್ರ'ದ ಹೆಸರಿನಲ್ಲಿ ನಮ್ಮನ್ನು ಹೊರಗೆ ನಿಲ್ಲಿಸಿದ್ದು ನೆನಪಿರುವವರಿಗೆ ಈ ಅನುಮಾನ ಸಹಜ. ಆದರೆ ರೂಪವನ್ನು ಅವರಿಗೇ ಬಿಟ್ಟುಕೊಟ್ಟು ಅನುಭವ ಮಾತ್ರ ನಮ್ಮದು ಅಂತ ಕೂತರೆ ನಷ್ಟ ಯಾರಿಗೆ? ದೇವನೂರ ಮಹಾದೇವರ 'ಕುಸುಮಬಾಲೆ'ಯ ರೂಪ ಯಾರಿಂದ ತಂದ ಸಾಲವೂ ಅಲ್ಲ.

ಈ ಸಾಹಿತ್ಯವನ್ನು ಹೊಗಳುವವರು ಮೊದಲು ಎತ್ತುವುದು ಓದುಗನ ಸ್ವಾತಂತ್ರ್ಯದ ಮಾತು. ಅಮೆರಿಕದ ಮೈಕೆಲ್ ಜಾಯ್ಸ್ ಬರೆದ 'ಆಫ್ಟರ್‌ನೂನ್, ಎ ಸ್ಟೋರಿ' 1990ರಲ್ಲಿ ಫ್ಲಾಪಿಯಲ್ಲಿ ಪ್ರಕಟವಾಯಿತು. ಜಾಲ ಜನರ ಕೈಗೆ ಇನ್ನೂ ಬಂದಿರಲಿಲ್ಲ. ಅದರಲ್ಲಿ 500ಕ್ಕೂ ಹೆಚ್ಚು ತುಣುಕುಗಳಿವೆ. ಒಂದು ಪದ ಒತ್ತಿದರೆ ಒಂದು ತುಣುಕು, ಇನ್ನೊಂದು ಒತ್ತಿದರೆ ಇನ್ನೊಂದು. ಓದು ಎಲ್ಲಿ ಮುಗೀತು ಅನ್ನುವುದನ್ನು ಓದುಗನೇ ತೀರ್ಮಾನಿಸಬೇಕು. ಸರಿ. ಆದರೆ ಕೆಲವು ತುಣುಕುಗಳು ಬೇರೆ ಕೆಲವನ್ನು ಓದಿದ ಮೇಲಷ್ಟೇ ತೆರೆಯುವಂತೆ ಲೇಖಕ ಬೀಗ ಹಾಕಿಟ್ಟಿದ್ದಾನೆ. ಯಾವ ಬಾಗಿಲು ಬೇಕಾದರೂ ತಟ್ಟು ಅನ್ನುವ ಮನೆಯಲ್ಲೂ ಬಾಗಿಲು ಇಟ್ಟವನೇ ಯಜಮಾನ.

ಇದಕ್ಕೆ ಪೂರಾ ವಿರುದ್ಧವಾದದ್ದು ದಕ್ಷಿಣ ಕೊರಿಯಾದ ಸೋಲ್ ನಗರದ ಯಂಗ್-ಹೇ ಚಾಂಗ್ ಮತ್ತು ಮಾರ್ಕ್ ವೋಜ್ ಮಾಡಿದ 'ಡಕೋಟಾ'. ಇಲ್ಲಿ ಒತ್ತುವುದಕ್ಕೆ ಏನೂ ಇಲ್ಲ. ಜಾಝ್ ಡ್ರಮ್ಮಿನ ಬಡಿತಕ್ಕೆ ದಪ್ಪ ಇಂಗ್ಲಿಷ್ ಅಕ್ಷರಗಳು ಪರದೆ ತುಂಬ ಬಂದು ಬಂದು ಹೋಗುತ್ತವೆ. ನಿಲ್ಲಿಸೋಕಾಗಲ್ಲ, ಹಿಂದಕ್ಕೆ ತಿರುಗಿಸೋಕಾಗಲ್ಲ. ಬರಬರುತ್ತ ವೇಗ ಎಷ್ಟಾಗುತ್ತದೆಂದರೆ ಕಣ್ಣಿಗೆ ಪದವಲ್ಲ, ಬರೀ ಹೊಡೆತ ಸಿಗುತ್ತದೆ. ಎಜ್ರಾ ಪೌಂಡನ 'ಕ್ಯಾಂಟೋ'ಗಳ ಮರು ಓದು ಇದು ಅಂತ ಮಾಡಿದವರೇ ಹೇಳಿದ್ದಾರೆ. ನನಗೆ ಮೈ ಜುಮ್ಮೆಂದಿತ್ತು. ಆ ಉತ್ಸಾಹದಲ್ಲೇ ಒಂದು ಹಾಸ್ಟೆಲಿನ ಓದು ಬಳಗದ ಹುಡುಗರಿಗೆ ತೋರಿಸಿದೆ. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬ ಅಂದ: "ಸಾ, ಇದು ನಮಗೋಸ್ಕರ ಒಂದ್ ಗಳಿಗೇನೂ ನಿಲ್ಲಲ್ಲ. ಇಸ್ಕೂಲಲ್ಲಿ ಓದಿಸ್ತಿದ್ರಲ್ಲ, ಅಂಗೇ ಐತೆ."

ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಮನೆಯಲ್ಲಿ ಮೊದಲು ಅಕ್ಷರ ಕಂಡವನು ಕೂಡಿಸಿ ಕೂಡಿಸಿ ಓದುತ್ತಾನೆ. ಆ ನಿಧಾನವನ್ನು ದಡ್ಡತನ ಅಂತ ಕರೆದು ನಕ್ಕ ತರಗತಿಗಳನ್ನು ದಾಟಿ ಬಂದವರು ನಾವು. ವೇಗವೇ ಸೌಂದರ್ಯವಾದ ಕೃತಿ ಯಾರನ್ನು ಓದುಗ ಅಂದುಕೊಂಡಿದೆ ಅಂತ ಕೇಳುವುದು ವಿಮರ್ಶೆಯ ಕೆಲಸವೇ.

ಹಾಗಂತ ಈ ಜಾಲದಲ್ಲಿ ನಮ್ಮ ಪಾಲಿನದು ಏನೂ ಇಲ್ಲವೆ? ಇದೆ. ಅದು ಕಾವ್ಯದ ವೇಷದಲ್ಲಿ ಬರಲಿಲ್ಲ, ಅಷ್ಟೆ. 2001ರ ಆಗಸ್ಟ್ 8ರಂದು ಕಪ್ಪು ಅಮೆರಿಕನ್ ಕಲಾವಿದ ಕೀತ್ ಒಬಾಡಿಕೆ 'ಇಬೇ' ಎಂಬ ಜಾಲದ ಸಂತೆಯಲ್ಲಿ ತನ್ನ 'ಕಪ್ಪುತನ'ವನ್ನು ಹರಾಜಿಗಿಟ್ಟ. ಆರಂಭದ ಬೆಲೆ 10 ಡಾಲರ್. ಕಪ್ಪು ಜನರನ್ನು ಅಣಕಿಸುವ ಹಳೇ ಗೊಂಬೆ, ಡಬ್ಬಿಗಳನ್ನು ಸಂಗ್ರಹಕಾರರು ಕೊಳ್ಳುವ ವಿಭಾಗದಲ್ಲೇ ಇದನ್ನೂ ಇಟ್ಟಿದ್ದ. ಸರಕಿನ ವಿವರಣೆಯೇ ಕೃತಿ. ಕೊಂಡವನಿಗೆ ಏನೇನು ಲಾಭ ಅಂತ ಒಂದು ಪಟ್ಟಿ. ಅದರಲ್ಲಿ ನಮ್ಮ ಮೀಸಲಾತಿಯಂಥ ಸವಲತ್ತೂ ಉಂಟು, ಅದೂ ಸ್ವಲ್ಪ ಕಾಲಕ್ಕೆ ಮಾತ್ರ. ಆಮೇಲೆ ಎಚ್ಚರಿಕೆಗಳು: ಕೆಲಸ ಹುಡುಕುವಾಗ, ಅಂಗಡಿಗೆ ಹೋದಾಗ, ನ್ಯಾಯ ಕೇಳುವಾಗ, ಓಟು ಹಾಕುವಾಗ ಈ ಸರಕನ್ನು ಬಳಸದಿರುವುದೇ ಕ್ಷೇಮ ಅನ್ನುವ ಧಾಟಿಯವು. ಹತ್ತು ದಿನದ ಹರಾಜನ್ನು ಕಂಪೆನಿ ನಾಲ್ಕೇ ದಿನಕ್ಕೆ ಅನುಚಿತವೆಂದು ನಿಲ್ಲಿಸಿತು. ಅಷ್ಟರಲ್ಲಿ 12 ಕೂಗು ಬಿದ್ದಿದ್ದವು, ಬೆಲೆ 152 ಡಾಲರ್ 50 ಸೆಂಟಿಗೆ ಏರಿತ್ತು.

ಅಕ್ಷರ ಕುಣಿಯಲಿಲ್ಲ, ಕೊಂಡಿಗಳ ಆಟವಿಲ್ಲ. ಅವನ ಜನರನ್ನು ಒಂದು ಕಾಲಕ್ಕೆ ಹರಾಜು ಕಟ್ಟೆಯ ಮೇಲೆ ನಿಲ್ಲಿಸಿದ್ದ ಸಂತೆಯ ಭಾಷೆಯನ್ನೇ ಅವನು ಅದರ ಬಾಯಿಗೆ ವಾಪಸು ತುರುಕಿದ. ಕಾಗದದಲ್ಲಿ ಇದೇ ಪಟ್ಟಿ ಬರೆದಿದ್ದರೆ ಒಳ್ಳೆಯ ವಿಡಂಬನೆ ಅನ್ನಿಸಿಕೊಳ್ಳುತ್ತಿತ್ತು. ಇಲ್ಲಿ ನಿಜವಾಗಿ ಬೆಲೆ ಕೂಗಿದವರಿದ್ದರು, ನಿಜವಾಗಿ ಬಾಗಿಲು ಹಾಕಿದವರಿದ್ದರು. ಅವರೂ ಕೃತಿಯ ಪಾತ್ರಗಳಾದರು. ನಮ್ಮಲ್ಲಿ ಸುಳ್ಳು ಜಾತಿ ಪ್ರಮಾಣಪತ್ರ ಮಾಡಿಸಿಕೊಳ್ಳುವವರನ್ನು ಕಂಡಾಗಲೆಲ್ಲ ನನಗೆ ಈ ಹರಾಜು ನೆನಪಾಗುತ್ತದೆ. ಅವರು ಲಾಭದ ಪಟ್ಟಿಯನ್ನು ಮಾತ್ರ ಕೊಳ್ಳುತ್ತಾರೆ, ಎಚ್ಚರಿಕೆಯ ಪಟ್ಟಿಯನ್ನು ನಮಗೇ ಬಿಟ್ಟು ಹೋಗುತ್ತಾರೆ.

ಒಬಾಡಿಕೆ ಆ ಪುಟದ ಪ್ರತಿ ಇಟ್ಟುಕೊಂಡಿದ್ದರಿಂದ ಅದನ್ನು ನಾವು ಇವತ್ತೂ ಓದಬಹುದು. ಆ ಕಾಲದ ಎಷ್ಟೋ ಚಲಿಸುವ ಕವಿತೆಗಳಿಗೆ ಆ ಭಾಗ್ಯ ಸಿಗಲಿಲ್ಲ. ಅವನ್ನು 'ಫ್ಲ್ಯಾಶ್' ಎಂಬ ತಂತ್ರಾಂಶದಲ್ಲಿ ಕಟ್ಟಿದ್ದರು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪೆನಿ ಅದನ್ನು ಕೈಬಿಟ್ಟಿತು. ಕೆಲವನ್ನು ಬೇರೆ ತಂತ್ರಾಂಶದ ಮೂಲಕ ಬದುಕಿಸಿದ್ದಾರೆ, ಎಲ್ಲವನ್ನೂ ಅಲ್ಲ.

ಇನ್ನೊಂದು ಕೃತಿ ನಮಗೆ ಬೇರೆ ಕಾರಣಕ್ಕೆ ಉಪಯೋಗಕ್ಕೆ ಬಂತು. ನಿಕ್ ಮಾಂಟ್‌ಫರ್ಟ್ 2009ರಲ್ಲಿ ತೈವಾನಿನ ಒಂದು ಕಣಿವೆಯನ್ನು ನೋಡಿ ಬರೆದ 'ತರೋಕೊ ಗಾರ್ಜ್'. ಬಂಡೆ, ಕಾಡು, ಮಂಜು ಇಂಥ ಪದಗಳ ಕೆಲವು ಪಟ್ಟಿಗಳು, ವಾಕ್ಯ ಕಟ್ಟುವ ಒಂದೆರಡು ನಿಯಮ. ಕಂಪ್ಯೂಟರು ಪಟ್ಟಿಯಿಂದ ಕುರುಡಾಗಿ ಪದ ಹೆಕ್ಕಿ, ಕೊನೆಯಿಲ್ಲದೆ ಸಾಲು ಬರೆಯುತ್ತ ಹೋಗುತ್ತದೆ. ಕವಿತೆಯಾಗಿ ಸಾಧಾರಣ ಅಂತಲೇ ನನ್ನ ಅಭಿಪ್ರಾಯ. ಆದರೆ ಪುಟದ ಹಿಂದಿರುವ ಮೂಲ ಬರಹವನ್ನು ಯಾರು ಬೇಕಾದರೂ ತೆರೆದು ನೋಡಬಹುದು, ಪಟ್ಟಿ ಬದಲಿಸಬಹುದು. ಸ್ಕಾಟ್ ರೆಟ್‌ಬರ್ಗ್ ಅದನ್ನು ನಗರದ ಕವಿತೆ ಮಾಡಿದ, ಜೆ. ಆರ್. ಕಾರ್ಪೆಂಟರ್ ಹೊಟ್ಟೆಬಾಕತನದ ಕವಿತೆ ಮಾಡಿದಳು. ಬೀಗ ಹಾಕಿದ ಬಾಗಿಲುಗಳ ಮನೆಗಿಂತ ಇದು ದೊಡ್ಡ ಸ್ವಾತಂತ್ರ್ಯ.

ಕನ್ನಡಕ್ಕೆ ತರಲು ಕೂತಾಗ ತೊಡಕು ಶುರುವಾಯಿತು. ಮೊದಲು ಅಕ್ಷರಗಳನ್ನು ಒಂದೊಂದಾಗಿ ಬೀಳಿಸಲು ನೋಡಿದೆವು. 'ಹೊಟ್ಟೆ' ನಮಗೆ ಎರಡು ಅಕ್ಷರ, ಯಂತ್ರಕ್ಕೆ ಆರು ಸಂಕೇತ. ಒತ್ತು ಒಂದು ಕಡೆ, ಕೊಂಬು ಒಂದು ಕಡೆ ಚೆಲ್ಲಾಡಿತು. ಅದನ್ನು ಬಿಟ್ಟು ಪಟ್ಟಿಗೆ ಕೈ ಹಾಕಿದರೆ ವ್ಯಾಕರಣ ಅಡ್ಡ ಬಂತು. 'ಮರ'ಕ್ಕೆ 'ಮರವನ್ನು', 'ಊರಿ'ಗೆ 'ಊರನ್ನು'. ಮಾಡಿದವನು ಗಂಡಾದರೆ ಕ್ರಿಯಾಪದ ಒಂದು, ಹೆಣ್ಣಾದರೆ ಇನ್ನೊಂದು. ಇಂಗ್ಲಿಷಿನ ನಿಯಮದೊಳಗೆ ಕನ್ನಡದ ಪದ ತುಂಬಿದರೆ ಆಗೋಲ್ಲ, ನಿಯಮವನ್ನೇ ಮತ್ತೆ ಬರೆಯಬೇಕು.

'ನಮಗೋಸ್ಕರ ನಿಲ್ಲಲ್ಲ' ಅಂದಿದ್ದ ಆ ಹುಡುಗನೇ ದಾರಿ ಕಂಡುಹಿಡಿದ. ಮನೆ ಮಾತಿನಲ್ಲಿ ಹಾಕೋಣ ಸಾ ಅಂದ; 'ಚರಂಡಿಯನ್ನು' ಬೇಡ, 'ಚರಂಡಿ ತೋಡಿದ' ಸಾಕು. ವಿಭಕ್ತಿಯ ಕಾಟ ಅಲ್ಲಿಗೆ ತೀರಿತು. ಜಾಗಗಳಿಗೊಂದು ಪಟ್ಟಿ ಮಾಡಿದ: ಚರಂಡಿ, ಕೊಟ್ಟಿಗೆ, ಕಣ, ಬಾವಿ, ರೋಡು. ಕೆಲಸಗಳಿಗೊಂದು: ತೋಡಿದ, ಗುಡಿಸಿದ, ಬಳಿದ, ಕಾದ. ಗಂಡು ಹೆಣ್ಣಿನ ತೊಡಕು ತಪ್ಪಿಸಲು, ಮಾಡಿದವರ ಪಟ್ಟಿಯಲ್ಲಿ ಒಂದೇ ಒಂದು ಪದ ಇಟ್ಟ: 'ನಮ್ಮಪ್ಪ'. ಬೇರೆ ಹೆಸರೂ ಸೇರಿಸೋ, ಇದು ಕುರುಡಾಗಿ ಆರಿಸಿಕೊಳ್ಳಬೇಕಲ್ಲ ಅಂದೆ. "ಆರಿಸ್ಕೊಳ್ಳಿ ಬಿಡಿ ಸಾ" ಅಂತ ನಕ್ಕು ಗುಂಡಿ ಒತ್ತಿದ. ನಮ್ಮಪ್ಪ ಕಣ ಗುಡಿಸಿದ. ನಮ್ಮಪ್ಪ ಬಾವಿ ತೋಡಿದ. ನಮ್ಮಪ್ಪ ರೋಡು ಕಾದ. ಅರ್ಧ ಗಂಟೆ ಓಡಲು ಬಿಟ್ಟೆವು. ಜಾಗ ಬದಲಾಗುತ್ತಿತ್ತು, ಕೆಲಸ ಬದಲಾಗುತ್ತಿತ್ತು. ಪ್ರತಿ ಸಾಲಿಗೂ ಯಂತ್ರ ಆ ಪಟ್ಟಿಗೆ ಹೋಗಿ ಹುಡುಕಿ, ಅದೊಂದೇ ಪದವನ್ನು ಎತ್ತಿಕೊಂಡು ಬರುತ್ತಿತ್ತು.