ನಿಂತ ಚಿತ್ರಕ್ಕೆ ಬಂದ ನಡಿಗೆ

ಬೇಲೂರಿನ ಚೆನ್ನಕೇಶವ ದೇಗುಲದ ಮದನಿಕೆಯರನ್ನು ನೋಡಬೇಕಾದರೆ ಕತ್ತು ಮೇಲೆತ್ತಲೇಬೇಕು. ಸೂರಿನಡಿಯಲ್ಲಿ ಮುಂದಕ್ಕೆ ಬಾಗಿ ನಿಂತ ಈ ಶಿಲ್ಪಗಳ ಪೈಕಿ ಒಂದರ ಬಳ್ಳಿಚಪ್ಪರದಲ್ಲಿ ಹಣ್ಣಿನ ಮೇಲೆ ಕುಳಿತ ನೊಣವಿದೆ. ಅದಕ್ಕೆ ಹೊಂಚು ಹಾಕಿದ ಹಲ್ಲಿಯೂ ಇದೆ. ಮಾರ್ಗದರ್ಶಿ ಬೆರಳು ಮಾಡಿ ತೋರಿಸುವವರೆಗೆ ಅವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಮೊದಲು ಇಡೀ ಶಿಲ್ಪ, ಆಮೇಲೆ ಚಪ್ಪರ, ಕೊನೆಗೆ ನೊಣ. ಹೀಗೆ ನೋಟ ಹಂತಹಂತವಾಗಿ ಕಿರಿದಾಗುತ್ತದೆ. ಒಂದೇ ಒಂದು ಛಾಯಾಚಿತ್ರವನ್ನಿಟ್ಟುಕೊಂಡು ಪರದೆಯ ಮೇಲೆ ಇದೇ ಕೆಲಸ ಮಾಡುವ ತಂತ್ರಕ್ಕೆ ‘ಝೂಮ್’ ಎಂದು ಹೆಸರು.

ಈ ತಂತ್ರ ಕಂಪ್ಯೂಟರಿನ ಕೊಡುಗೆಯಲ್ಲ. ಹಿಂದೆ ಚಿತ್ರವನ್ನು ಮೇಜಿನ ಮೇಲೆ ಹರಡಿ, ಅದರ ಮೇಲ್ಗಡೆ ಕಂಬಕ್ಕೆ ಬಿಗಿದ ಕ್ಯಾಮೆರಾವನ್ನು ಕೂದಲೆಳೆಯಷ್ಟು ಕೆಳಗಿಳಿಸುತ್ತ ಒಂದೊಂದೇ ಚೌಕಟ್ಟನ್ನು ಸೆರೆಹಿಡಿಯುತ್ತಿದ್ದರು. ಕೆನಡಾದ ಕಾಲಿನ್ ಲೋ ಮತ್ತು ವುಲ್ಫ್ ಕೋನಿಗ್ 1957ರ ‘ಸಿಟಿ ಆಫ್ ಗೋಲ್ಡ್’ ಸಾಕ್ಷ್ಯಚಿತ್ರದಲ್ಲಿ ಚಿನ್ನದ ಬೇಟೆಯ ಕಾಲದ ಹಳೆಯ ಛಾಯಾಚಿತ್ರಗಳಿಗೆ ಹೀಗೆಯೇ ಜೀವ ತುಂಬಿದರು. ಅಮೆರಿಕದ ಕೆನ್ ಬರ್ನ್ಸ್ 1990ರ ‘ದಿ ಸಿವಿಲ್ ವಾರ್’ ಧಾರಾವಾಹಿಯಿಂದ ಅದನ್ನು ಮನೆಮಾತಾಗಿಸಿದರು. 2003ರಲ್ಲಿ ಆಪಲ್ ಕಂಪನಿ ತನ್ನ ಐಮೂವಿ ತಂತ್ರಾಂಶದಲ್ಲಿ ಈ ಸೌಲಭ್ಯಕ್ಕೆ ಅವರ ಹೆಸರನ್ನೇ ಇಟ್ಟಿತು.

ತಂತ್ರಾಂಶದ ಲೆಕ್ಕಾಚಾರ ಸರಳ. ಆರಂಭದಲ್ಲಿ ಚಿತ್ರ ಎಷ್ಟು ದೊಡ್ಡದಿರಬೇಕು, ಎಲ್ಲಿರಬೇಕು ಎಂಬ ಗುರುತು ಒಂದು. ಕೊನೆಯಲ್ಲಿ ಹೇಗಿರಬೇಕೆಂಬ ಗುರುತು ಇನ್ನೊಂದು. ಇವನ್ನು ‘ಕೀಫ್ರೇಮ್’ ಎನ್ನುತ್ತಾರೆ. ಸೆಕೆಂಡಿಗೆ 25 ಚೌಕಟ್ಟುಗಳಂತೆ 10 ಸೆಕೆಂಡಿನ ದೃಶ್ಯಕ್ಕೆ 250 ಚೌಕಟ್ಟುಗಳು ಬೇಕು. ನಡುವಿನವನ್ನೆಲ್ಲ ಯಂತ್ರವೇ ಲೆಕ್ಕ ಹಾಕಿ ತುಂಬುತ್ತದೆ. ಚಲನೆ ಮೆಲ್ಲಗೆ ಆರಂಭವಾಗಿ ಮೆಲ್ಲಗೆ ನಿಲ್ಲುವಂತೆ ಮಾಡದಿದ್ದರೆ ಬಸ್ಸಿನ ಬ್ರೇಕು ಹಾಕಿದಂತೆ ನೋಟ ಮುಗ್ಗರಿಸುತ್ತದೆ.

ಆದರೆ ಚಿತ್ರದಲ್ಲಿ ಇಲ್ಲದ ವಿವರವನ್ನು ಝೂಮ್ ಹುಟ್ಟಿಸಲಾರದು. ಪರದೆ 1920 ಬಿಂದು ಅಗಲ, 1080 ಬಿಂದು ಎತ್ತರವಿದ್ದು ಛಾಯಾಚಿತ್ರವೂ ಅಷ್ಟೇ ಇದ್ದರೆ, ಎರಡು ಪಟ್ಟು ಹಿಗ್ಗಿಸಿದಾಗ ಒಂದು ಬಿಂದು ನಾಲ್ಕರ ಜಾಗ ತುಂಬಬೇಕಾಗುತ್ತದೆ. ಆಗ ಬೇಲೂರಿನ ನೊಣ ಬರಿಯ ಕಲೆಯಾಗಿ ಉಳಿಯುತ್ತದೆ. ಎರಡು ಪಟ್ಟು ಹತ್ತಿರ ಹೋಗಬೇಕಾದರೆ ಚಿತ್ರ ಕನಿಷ್ಠ 3840 ಬಿಂದುಗಳಷ್ಟು ಅಗಲವಿರಬೇಕು.

ಹಳೇಬೀಡಿನಲ್ಲಿ ಪ್ರಶ್ನೆ ಬೇರೆ. ಹೊಯ್ಸಳೇಶ್ವರ ದೇಗುಲದ ತಳದಲ್ಲಿ ಆನೆಗಳು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಇನ್ನೂ ಮೇಲೆ ರಾಮಾಯಣ ಮಹಾಭಾರತದ ದೃಶ್ಯಗಳು. ಇಲ್ಲಿ ಹತ್ತಿರ ಹೋಗುವುದಕ್ಕಿಂತ ಪಕ್ಕಕ್ಕೆ ಸರಿಯುವುದು ಮುಖ್ಯ. ಕನ್ನಡ ಓದಿ ಬೆಳೆದ ಕಣ್ಣು ಎಡದಿಂದ ಬಲಕ್ಕೆ ಸರಿಯಲು ಹವಣಿಸುತ್ತದೆ. ಆದರೆ ಜಗತಿಯ ಮೇಲೆ ಪ್ರದಕ್ಷಿಣೆ ಬರುವವರ ಬಲಗಡೆ ಗೋಡೆ ಇರುತ್ತದೆ. ಗೋಡೆಯ ಕಡೆ ತಿರುಗಿ ನಿಂತರೆ ಅವರ ನಡಿಗೆ ಬಲದಿಂದ ಎಡಕ್ಕೆ. ಇದನ್ನರಿಯದ ಸಂಪಾದಕ ನೋಡುಗರನ್ನು ಅಪ್ರದಕ್ಷಿಣೆ ಹಾಕಿಸಿದಂತೆಯೇ ಸರಿ!

ಸುಮಾರು 1220ರಲ್ಲಿ ಕಟ್ಟಲಾದ ಅರಸೀಕೆರೆಯ ಈಶ್ವರ ದೇಗುಲದ ಸೊಗಸು ಮುಂದಿನ ತೆರೆದ ಮಂಟಪದ ಹದಿನಾರು ಮೂಲೆಗಳ ನಕ್ಷತ್ರಾಕಾರದಲ್ಲಿದೆ. ಒಂದು ಕಂಬದಿಂದ ಆರಂಭಿಸಿ ಹಿಂದೆ ಸರಿದಾಗಲೇ ಆ ಆಕಾರ ತೆರೆದುಕೊಳ್ಳುವುದು. ಆದರೂ ಇದು ಮಂಟಪದೊಳಗಿನ ನಡಿಗೆಗೆ ಸಮನಲ್ಲ. ನಿಜವಾಗಿ ನಡೆದಾಗ ಹಿಂದಿನ ಕಂಬಗಳು ಮುಂದಿನವುಗಳ ಮರೆಯಿಂದ ಇಣುಕುತ್ತವೆ. ಛಾಯಾಚಿತ್ರದಲ್ಲಿ ಎಲ್ಲವೂ ಒಟ್ಟಿಗೇ ಹಿಗ್ಗುತ್ತವೆ, ಒಟ್ಟಿಗೇ ಕುಗ್ಗುತ್ತವೆ. ಕಂಬಗಳನ್ನು ಕತ್ತರಿಸಿ ಬೇರೆಬೇರೆ ಪದರಗಳಲ್ಲಿ ಸರಿಸುವ ಉಪಾಯವೇನೋ ಇದೆ. ಆದರೆ ಕಂಬದ ಹಿಂದೆ ಏನಿತ್ತೆಂಬುದನ್ನು ಆಗ ಕಲ್ಪಿಸಿಯೇ ತುಂಬಬೇಕು.

ಹಳೆಯ ದಾಖಲೆಗಳ ವಿಷಯದಲ್ಲಂತೂ ಈ ಎಚ್ಚರ ಅಗತ್ಯ. ರಿಚರ್ಡ್ ಬ್ಯಾನರ್ ಓಕ್ಲಿ ಎಂಬ ಸೇನಾಧಿಕಾರಿ 1856ರಲ್ಲಿ ತೆಗೆದ ಹಳೇಬೀಡಿನ 56 ಛಾಯಾಚಿತ್ರಗಳು 1859ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಸಿನಿಮಾ ಹುಟ್ಟುವುದಕ್ಕೆ ನಾಲ್ಕು ದಶಕ ಮೊದಲಿನ ಈ ಚಿತ್ರಗಳಿಗೆ ಪರದೆಯ ಮೇಲೆ ಚಲನೆ ಬರಬೇಕಾದರೆ ಝೂಮ್ ಒಂದೇ ಸುಲಭದ ದಾರಿ.

ಮುದ್ರಿತ ಚಿತ್ರದ ಮೇಲೆ ಓದುಗನ ಕಣ್ಣು ತನಗೆ ಬೇಕಾದಲ್ಲಿ ಅಲೆದಾಡಬಹುದು. ಝೂಮ್ ಆದೊಡನೆ ಆ ಸ್ವಾತಂತ್ರ್ಯ ಸಂಪಾದಕನ ಪಾಲಾಗುತ್ತದೆ. ನಗುವ ಮುಖವನ್ನಷ್ಟೇ ತೋರಿಸಿ ಮುರಿದ ತೋಳನ್ನು ಚೌಕಟ್ಟಿನಾಚೆ ಬಿಟ್ಟರೆ ಭಗ್ನ ಶಿಲ್ಪವೂ ಅಖಂಡವಾಗಿ ಕಾಣುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅರಸೀಕೆರೆಯದು ಆ ಪಟ್ಟಿಯಲ್ಲಿಲ್ಲ. ದೂರದಲ್ಲಿರುವವರಿಗೆ ಇವೆಲ್ಲ ಮೊದಲು ಕಾಣುವುದು ಪರದೆಯ ಮೇಲೆಯೇ. ನೊಣವನ್ನು ತೋರಿಸಿದ ಮೇಲೆ ಒಳ್ಳೆಯ ಮಾರ್ಗದರ್ಶಿ ಒಂದು ಹೆಜ್ಜೆ ಹಿಂದೆ ಸರಿದು ಇಡೀ ಮದನಿಕೆಯನ್ನು ನೋಡಲು ಬಿಡುತ್ತಾನೆ. ಸಂಪಾದಕನೂ ಅಷ್ಟು ಮಾಡಿದರೆ ಸಾಕು.