ಯುವ ರಸಾಯನ ವಿಜ್ಞಾನಿಗಳ ವೇದಿಕೆ: ಉದ್ಯಮಕ್ಕೂ ತೆರೆದ ಬಾಗಿಲು

ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಗಾಗಿ ಸಂಶೋಧನೆ ನಡೆಸುವ ವಿದ್ಯಾರ್ಥಿಗಳು ಹಲವು ವರ್ಷಗಳನ್ನು ಒಂದೇ ಪ್ರಯೋಗಾಲಯದಲ್ಲಿ ಕಳೆಯುತ್ತಾರೆ. ಪ್ರಯೋಗ ವಿಫಲವಾದಾಗ ಹೊರಗಿನವರೊಡನೆ ಚರ್ಚಿಸುವ ಅವಕಾಶ ಅವರಿಗೆ ವಿರಳ. ಪದವಿಯ ನಂತರದ ಉದ್ಯೋಗಾವಕಾಶಗಳ ಪರಿಚಯವೂ ಅಲ್ಪ.

ಈ ಕೊರತೆಗೆ ಜರ್ಮನಿಯಲ್ಲಿ ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ಫ್ರಾಂಕ್‌ಫರ್ಟ್‌ನಲ್ಲಿ ಕಚೇರಿ ಹೊಂದಿರುವ ಜರ್ಮನ್ ರಸಾಯನಶಾಸ್ತ್ರ ಸಂಘದ ಆಶ್ರಯದಲ್ಲಿ 1997ರಲ್ಲಿ 'ಜೆ.ಸಿ.ಎಫ್.' ಎಂಬ ಯುವ ವೇದಿಕೆ ಸ್ಥಾಪನೆಯಾಯಿತು. ವಿಶ್ವವಿದ್ಯಾಲಯಗಳಿರುವ ಊರುಗಳಲ್ಲಿ ಇದರ ಪ್ರಾದೇಶಿಕ ಘಟಕಗಳಿವೆ. ವಿದ್ಯಾರ್ಥಿಗಳೇ ಪದಾಧಿಕಾರಿಗಳಾಗಿ ಉಪನ್ಯಾಸ, ಉದ್ಯೋಗ ಮಾಹಿತಿ ಸಭೆ ಹಾಗೂ ಕಾರ್ಖಾನೆ ಭೇಟಿಗಳನ್ನು ಏರ್ಪಡಿಸುತ್ತಾರೆ. ವಸಂತಕಾಲದ ವಿಚಾರ ಸಂಕಿರಣವನ್ನು ಬೇರೆ ಬೇರೆ ಊರಿನ ಘಟಕಗಳು ಸರದಿಯಂತೆ ನಡೆಸುತ್ತವೆ. ಯುರೋಪ್ ಮಟ್ಟದಲ್ಲಿ 2006ರಲ್ಲಿ, ಅಂತರರಾಷ್ಟ್ರೀಯ ಮಟ್ಟದಲ್ಲಿ 2017ರಲ್ಲಿ ಇಂತಹುದೇ ಜಾಲಗಳು ಆರಂಭವಾದವು.

ಪ್ರಾಯೋಜಕರನ್ನು ಹುಡುಕುವುದು, ಆಯವ್ಯಯ ಸಿದ್ಧಪಡಿಸುವುದು, ಅತಿಥಿಗಳನ್ನು ಒಪ್ಪಿಸುವುದು ಪ್ರಯೋಗಾಲಯದಲ್ಲಿ ದೊರೆಯದ ಶಿಕ್ಷಣ. ಆದರೆ ಪದವಿ ಮುಗಿದೊಡನೆ ಸಂಘಟಕರು ಹೊರಟುಹೋಗುತ್ತಾರೆ. ಹೀಗಾಗಿ ಕೆಲಸ ಮುಂದುವರಿಯಲು ಮಾತೃಸಂಘದ ಆಸರೆ ಅನಿವಾರ್ಯ.

ಸಣ್ಣ ತಯಾರಕರಿಗೂ ಇಲ್ಲೊಂದು ಪಾಠವಿದೆ. ದೊಡ್ಡ ಕಂಪನಿಗಳ ಹೆಸರು ವಿದ್ಯಾರ್ಥಿಗಳಿಗೆ ತಿಳಿದೇ ಇರುತ್ತದೆ; ಬಣ್ಣ, ಅಂಟು, ಲೋಹಲೇಪನದ ಸಣ್ಣ ಘಟಕಗಳ ಹೆಸರು ತಿಳಿದಿರುವುದಿಲ್ಲ. ಸ್ವಂತ ಸಂಶೋಧನಾ ವಿಭಾಗ ನಡೆಸುವ ಶಕ್ತಿಯಿಲ್ಲದ ಉದ್ಯಮಿಯೂ ಯುವ ಸಂಶೋಧಕರನ್ನು ಒಂದು ದಿನ ಕಾರ್ಖಾನೆಗೆ ಆಹ್ವಾನಿಸಬಹುದು. ಅದರ ವೆಚ್ಚ ಅಲ್ಪ. ತನ್ನ ತಾಂತ್ರಿಕ ತೊಡಕನ್ನು ಬಲ್ಲವರೊಬ್ಬರ ಪರಿಚಯವಾದರೆ ಅದೇ ಲಾಭ.