ಸಂಚಾರವಾರ್ತೆಯೂ ಹೆದ್ದಾರಿಗಳ ದಟ್ಟಣೆಯೂ

ಮುಂದೆ ವಾಹನಗಳು ತಡೆದು ನಿಂತಿರುವ ಸುದ್ದಿಯನ್ನು ಚಾಲಕನಿಗೆ ಆಗಿಂದಾಗಲೇ ತಿಳಿಸಿದರೆ ಅವನು ಬೇರೆ ಹಾದಿಯನ್ನು ಹಿಡಿಯುವನು. ಅದರಿಂದ ದಟ್ಟಣೆ ತಗ್ಗುವುದು. ಈ ಮಾತು ಮೇಲ್ನೋಟಕ್ಕೆ ನಿರ್ವಿವಾದವಾಗಿ ತೋರುತ್ತದೆ. ಆದರೆ ಸುದ್ದಿ ಹರಡಿದಷ್ಟೂ ದಟ್ಟಣೆ ತಗ್ಗುವುದೆಂದು ಹೇಳಲಾಗದು. ಇದಕ್ಕೆ ಕಾರಣವೇನೆಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಇಂಥ ವ್ಯವಸ್ಥೆಗೆ ಜಪಾನಿನ ‘ವಿಕ್ಸ್’ ಒಳ್ಳೆಯ ನಿದರ್ಶನ. ಇದು ೧೯೯೬ರ ಏಪ್ರಿಲ್‌ನಲ್ಲಿ ಕಾರ್ಯಾರಂಭ ಮಾಡಿತು. ಪೊಲೀಸರೂ ರಸ್ತೆಗಳ ಆಡಳಿತದವರೂ ಸಂಗ್ರಹಿಸಿದ ವಿವರಗಳು ಒಂದು ಕೇಂದ್ರವನ್ನು ಸೇರಿ, ಅಲ್ಲಿಂದ ಎಫ್.ಎಂ. ಪ್ರಸಾರ ಮೊದಲಾದವುಗಳ ಮೂಲಕ ವಾಹನದೊಳಗಣ ನಕ್ಷೆಯ ಮೇಲೆ ಮೂಡುವಂತೆ ಇದನ್ನು ರಚಿಸಲಾಯಿತು. ಇಂದು ಪ್ರಯಾಣಿಕರ ಮೊಬೈಲ್ ಫೋನುಗಳೇ ವೇಗವನ್ನು ಅಳೆಯುವ ಸಾಧನಗಳಾಗಿ ಪರಿಣಮಿಸಿವೆ.

ಈಗ ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಗಂಟೆಗೆ ೩೦೦೦ ವಾಹನಗಳು ಸಾಗುವ ಹೆದ್ದಾರಿಯಲ್ಲಿ ಅಪಘಾತವೊಂದು ಸಂಭವಿಸಿ, ೧೫೦೦ಕ್ಕೆ ಮಾತ್ರ ಎಡೆ ಉಳಿದಿದೆ. ಪಕ್ಕದ ಹಾದಿಯಲ್ಲಿ ಇನ್ನು ೬೦೦ಕ್ಕೆ ಅವಕಾಶವುಂಟು. ಯಾರಿಗೂ ಸುದ್ದಿ ತಿಳಿಯದಿದ್ದರೆ ಗಂಟೆಗೆ ೧೫೦೦ ವಾಹನಗಳು ತಡೆದು ನಿಲ್ಲುತ್ತವೆ. ೬೦೦ ವಾಹನಗಳು ಪಕ್ಕಕ್ಕೆ ತಿರುಗಿದರೆ ನಿಲ್ಲುವವು ೯೦೦ ಮಾತ್ರ. ಆದರೆ ಒಂದೇ ಸುದ್ದಿಯನ್ನು ಕೇಳಿ ೨೪೦೦ ವಾಹನಗಳು ಅತ್ತ ತಿರುಗಿದುವೆನ್ನೋಣ. ಆಗ ಪಕ್ಕದ ಹಾದಿಯಲ್ಲಿ ೧೮೦೦ ವಾಹನಗಳು ನಿಲ್ಲುತ್ತವೆ; ಹೆದ್ದಾರಿಯಲ್ಲಿಯೋ ೯೦೦ರ ಎಡೆ ಬರಿದಾಗಿ ಉಳಿಯುತ್ತದೆ. ಸುದ್ದಿಯೇ ಇಲ್ಲದಿದ್ದ ಸ್ಥಿತಿಗಿಂತ ಇದು ಕೀಳಾಯಿತು!

ಇದರ ತತ್ತ್ವವನ್ನು ೧೯೫೨ರಲ್ಲಿ ಇಂಗ್ಲೆಂಡಿನ ಜೆ. ಜಿ. ವಾರ್ಡ್ರಪ್ ಅವರು ಮಂಡಿಸಿದ ಭೇದದಿಂದ ಅರಿಯಬಹುದು. ಪ್ರತಿಯೊಬ್ಬನೂ ತನಗೆ ಬೇಗನೆ ಮುಗಿಯುವ ಹಾದಿಯನ್ನು ಹುಡುಕಿದಾಗ ಒದಗುವ ಸಮಸ್ಥಿತಿ ಒಂದು; ಎಲ್ಲರ ಒಟ್ಟು ಕಾಲವ್ಯಯ ಕನಿಷ್ಠವಾಗುವ ಸ್ಥಿತಿ ಇನ್ನೊಂದು. ಇವೆರಡೂ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಪರಿಪೂರ್ಣವಾದ ಸುದ್ದಿಯೂ ನಮ್ಮನ್ನು ಮೊದಲನೆಯದಕ್ಕೆ ಒಯ್ಯಬಲ್ಲದೇ ಹೊರತು ಎರಡನೆಯದಕ್ಕೆ ತಾನಾಗಿ ಒಯ್ಯಲಾರದು. ಸುದ್ದಿಯಿಂದ ದಟ್ಟಣೆ ಹೆಚ್ಚಲೂಬಹುದೆಂದು ೧೯೯೧ರಲ್ಲಿ ಆರ್ನಟ್, ದ ಪಾಲ್ಮ, ಲಿಂಡ್ಸಿ ಎಂಬ ಅರ್ಥಶಾಸ್ತ್ರಜ್ಞರು ತೋರಿಸಿಕೊಟ್ಟರು.

ಇದರೊಡನೆ ಕಾಲದ ತೊಡಕೂ ಸೇರುತ್ತದೆ. ಸುದ್ದಿಯನ್ನು ಕೇಳಿದವನು ಆ ಸ್ಥಳವನ್ನು ಮುಟ್ಟುವ ಹೊತ್ತಿಗೆ ಅಲ್ಲಿಯ ಸ್ಥಿತಿ ಮಾರ್ಪಟ್ಟಿರುತ್ತದೆ. ಆದುದರಿಂದ ಈಗಿನ ಸ್ಥಿತಿಯನ್ನು ಸಾರಿದರೆ ಸಾಲದು. ಸುದ್ದಿಯನ್ನು ಕೇಳಿದವರು ಏನು ಮಾಡುವರೆಂಬುದನ್ನೂ ಗಣಿಸಿ ಮುಂದಣ ಸ್ಥಿತಿಯನ್ನು ಊಹಿಸಬೇಕು. ಎಲ್ಲರಿಗೂ ಒಂದೇ ಹಾದಿಯನ್ನು ಸೂಚಿಸದೆ ಹಂಚಿ ಸೂಚಿಸಬೇಕು. ಆದರೆ ಹಾಗೆ ಹಂಚುವಾಗ ಕೆಲವರಿಗೆ ದೀರ್ಘವಾದ ಹಾದಿ ಬೀಳುವುದು ಅನಿವಾರ್ಯ. ಅದನ್ನು ಯಾರಿಗೆ, ಯಾವ ನ್ಯಾಯದಿಂದ ವಿಧಿಸಬೇಕು? ಯಂತ್ರದ ಲೆಕ್ಕಾಚಾರ ಮುಗಿದ ಮೇಲೂ ಈ ಪ್ರಶ್ನೆ ನಮ್ಮ ಮುಂದೆ ಉಳಿಯುತ್ತದೆ.